ಹೆಗಲೇರಿದ ಗೂಬೆ

ಬಟ್ಟೆಯ ಚೀಲವನ್ನು ಉಡುಗೊರೆಯಾಗಿ ಕೊಡುವವರು ಅದರೊಳಗೆ ಏನನ್ನೂ ಇಟ್ಟಿರುವುದಿಲ್ಲವಾದರೂ, ನಮ್ಮ ಬಗ್ಗೆ ತಮಗಿರುವ ಅಭಿಪ್ರಾಯವನ್ನು ಅದರ ಮೇಲೆ ಎದ್ದು ಕಾಣುವಂತೆ ಬರೆದಿರುತ್ತಾರೆ. ನಾನು ಪುಸ್ತಕ ಓದುವವನೆಂಬ ಒಂದೇ ಕಾರಣಕ್ಕೆ ಗೆಳೆಯನೊಬ್ಬ ದಪ್ಪ ಕ್ಯಾನ್ವಾಸ್ ಚೀಲದ ಮೇಲೆ ಕನ್ನಡಕ ತೊಟ್ಟ ಗೂಬೆಯನ್ನು ಸ್ವತಃ ಚಿತ್ರಿಸಿ ಕೊಟ್ಟ. ಗೂಬೆಯೆಂದರೆ ಗ್ರೀಕರ ಜ್ಞಾನದೇವತೆ ಅಥೇನಾಳ ಪಕ್ಷಿ ಎಂದು ಅವನು ಗಂಭೀರವಾಗಿ ವಿವರಿಸಿದ್ದೂ ಉಂಟು. ಆದರೆ ಅಥೇನಾಳ ಪರಿಚಯವಿಲ್ಲದ ನನ್ನ ಬಂಧುಮಿತ್ರರೆಲ್ಲ ಚೀಲವನ್ನು ಕಂಡೊಡನೆ ಕೇಳಿದ್ದು ಒಂದೇ ಪ್ರಶ್ನೆ: “ಯಾರ್ರೀ ನಿಮ್ಮ ಮೇಲೆ ಗೂಬೆ ಕೂರಿಸಿದ್ದು?”

ಚೀಲಗಳಿಗೆ ಹಿಂದೆ ಇಂಥ ಹಮ್ಮುಬಿಮ್ಮು ಇರಲಿಲ್ಲ. 1944ರಲ್ಲಿ ಅಮೆರಿಕದ ಎಲ್.ಎಲ್. ಬೀನ್ ಸಂಸ್ಥೆಯು ಈಗ ಹೆಸರುವಾಸಿಯಾಗಿರುವ ತನ್ನ ಕ್ಯಾನ್ವಾಸ್ ಚೀಲವನ್ನು ಹೊರತಂದಾಗ, ಕಾರಿನಿಂದ ಮನೆಯ ಐಸ್ ಪೆಟ್ಟಿಗೆಯವರೆಗೆ ಮಂಜುಗಡ್ಡೆ ಹೊರುವುದೇ ಅದರ ಉದ್ಯೋಗವಾಗಿತ್ತು. ಮಂಜುಗಡ್ಡೆ ಹೊತ್ತವನನ್ನು ತಡೆದು ನಿಲ್ಲಿಸಿ, ಅದರ ಮೇಲೆ ಇಷ್ಟೊಂದು ಒಲವು ಹೇಗೆ ಬೆಳೆಯಿತೆಂದು ಯಾರೂ ವಿಚಾರಿಸಿರಲಾರರು. ನನ್ನ ಪಾಡು ಬೇರೆ. ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಚೀಲವನ್ನು ದಿಟ್ಟಿಸಿ, ಗೂಬೆಯ ಕತ್ತು ಎಷ್ಟು ಡಿಗ್ರಿ ತಿರುಗುತ್ತದೆಂದು ನನ್ನನ್ನು ಪರೀಕ್ಷಿಸುತ್ತಾರೆ. (ಸುಮಾರು 270, ಈಗ ಬಾಯಿಪಾಠವಾಗಿದೆ.) ನಾನು ಗೂಬೆಪ್ರಿಯನೆಂಬ ಸುದ್ದಿ ಹಬ್ಬಿದ ಮೇಲಂತೂ ಗೂಬೆಯ ಗಡಿಯಾರ, ಗೂಬೆಯ ಕಪ್ಪು, ಗೂಬೆಯ ದಿಂಬು ಒಂದೊಂದಾಗಿ ಮನೆ ಸೇರಿ, ರಾತ್ರಿ ನೀರು ಕುಡಿಯಲು ಎದ್ದರೂ ಯಾರೋ ಕಾವಲು ಕಾಯುತ್ತಿರುವಂತೆ ಭಾಸವಾಗತೊಡಗಿತು.

ಬಟ್ಟೆಯ ಮೇಲಿನ ಬಣ್ಣ ನಿಲ್ಲಬೇಕಾದರೆ, ಅದು ಪೂರ್ತಿ ಒಣಗಿದ ಬಳಿಕ ಬಟ್ಟೆಯನ್ನು ಮಗುಚಿ, ಹಿಂಬದಿಯಿಂದ ಬಿಸಿ ಇಸ್ತ್ರಿಯನ್ನು ಒತ್ತಬೇಕು. ಅಥೇನಾಳ ವೃತ್ತಾಂತವನ್ನೆಲ್ಲ ಓದಿಕೊಂಡಿದ್ದ ಗೆಳೆಯ ಬಣ್ಣದ ಡಬ್ಬಿಯ ಮೇಲಿನ ಈ ಎರಡು ಸಾಲನ್ನು ಮಾತ್ರ ಓದಿರಲಿಲ್ಲ. ಒಂದು ಸಂಜೆಯ ಜಡಿಮಳೆಯಲ್ಲಿ ಚೀಲವನ್ನು ಎದೆಗವಚಿಕೊಂಡು ಓಡಿ ಬಂದು ಲಿಫ್ಟಿನ ಕನ್ನಡಿಯಲ್ಲಿ ನೋಡಿಕೊಂಡರೆ, ನನ್ನ ಬಿಳಿ ಅಂಗಿಯ ಮೇಲೆ ಕನ್ನಡಕದ ಎರಡು ದುಂಡು ಚೌಕಟ್ಟುಗಳೂ ಒಂದು ಕಣ್ಣೂ ಅರ್ಧ ಕೊಕ್ಕೂ ಸ್ಪಷ್ಟವಾಗಿ ಅಚ್ಚಾಗಿದ್ದವು. ಜೊತೆಯಲ್ಲಿದ್ದ ಮಹನೀಯರೊಬ್ಬರು ಅಂಗಿಯನ್ನೂ ಚೀಲವನ್ನೂ ಹೋಲಿಸಿ ನೋಡಿ, “ಸೆಟ್ಟೇ ತಗೊಂಡ್ರಾ?” ಎಂದು ಮೆಚ್ಚುಗೆಯಿಂದ ಕೇಳಿದರು.

ಎಸೆಯೋಣವೆಂದರೆ ಅಂಕಿಸಂಖ್ಯೆಗಳು ಕೈ ಹಿಡಿಯುತ್ತವೆ. ಡೆನ್ಮಾರ್ಕಿನ ಪರಿಸರ ಸಂರಕ್ಷಣಾ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಸರದ ಎಲ್ಲ ಮಾನದಂಡಗಳನ್ನೂ ಒಟ್ಟಾಗಿ ಪರಿಗಣಿಸಿದರೆ, ಸಾವಯವ ಹತ್ತಿಯ ಚೀಲವೊಂದನ್ನು 20,000 ಬಾರಿ ಬಳಸಿದಾಗಷ್ಟೇ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗುತ್ತದೆ. ಹವಾಮಾನದ ಲೆಕ್ಕವೊಂದನ್ನೇ ಹಿಡಿದರೆ 149 ಬಾರಿ ಸಾಕಂತೆ. ಆದರೆ ನಮ್ಮ ಮನೆಯ ಪರಿಸರವಾದಿಗಳು ದೊಡ್ಡ ಸಂಖ್ಯೆಯನ್ನೇ ನೆಚ್ಚಿಕೊಂಡಿದ್ದಾರೆ. ದಿನಕ್ಕೊಮ್ಮೆಯಂತೆ ಹೊತ್ತರೂ ಐವತ್ತನಾಲ್ಕು ವರ್ಷ ಮೀರುತ್ತದೆಯಾದ್ದರಿಂದ, ಈ ಗೂಬೆಯನ್ನು ಉಯಿಲಿನಲ್ಲಿ ಯಾರ ಹೆಸರಿಗೆ ಬರೆಯಬೇಕೆಂದು ನಾನು ಈಗಲೇ ಯೋಚಿಸಬೇಕಾಗಿದೆ.

ಮಸುಕಾದ ಚಿತ್ರವನ್ನು ಕಂಡು ನೊಂದ ಗೆಳೆಯ ಚೀಲವನ್ನು ತಾನೇ ಕೊಂಡೊಯ್ದು, ವಾರದ ಬಳಿಕ ಹಿಂದಿರುಗಿಸಿದ. ಹಳೆಯ ಗೂಬೆಯ ಪಕ್ಕದಲ್ಲಿ, ಒಂಟಿಯಾಗಿತ್ತೆಂಬ ಕನಿಕರದಿಂದ, ಇನ್ನೊಂದು ಗೂಬೆ ಕುಳಿತಿತ್ತು. “ಈ ಸಲ ಎರಡೆರಡು ಬಾರಿ ಇಸ್ತ್ರಿ ಒತ್ತಿದ್ದೇನೆ,” ಎಂದು ಅವನು ಭರವಸೆ ಕೊಟ್ಟ, “ಇನ್ನು ಜನ್ಮದಲ್ಲಿ ಹೋಗುವುದಿಲ್ಲ.”