ಫ್ಲಾಪಿಗೆ ಎರಡು ಹನಿ ಎಣ್ಣೆ

1998ರ ಆಷಾಢದಲ್ಲಿ, ಚಿಕ್ಕಮಗಳೂರಿಗೆ ಮಳೆ ಹಿಡಿದುಕೊಂಡಿದ್ದ ದಿನಗಳಲ್ಲಿ, ಶಾಲೆಯೊಂದರ ಸ್ಮರಣ ಸಂಚಿಕೆಯನ್ನು ಕಂಪ್ಯೂಟರಿನಲ್ಲಿ ಬೆರಳಚ್ಚು ಮಾಡಿ ಹಾಸನದ ಮುದ್ರಣಾಲಯಕ್ಕೆ ತಲುಪಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ತಲುಪಿಸುವುದೆಂದರೆ, ಕಂಪ್ಯೂಟರಿನ ಕಡತಗಳನ್ನು ತುಂಬಿಸಿಡುವ ಫ್ಲಾಪಿ ಎಂಬ ಚಪ್ಪಟೆ ತಟ್ಟೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಬೇಲೂರಿನ ಮೇಲೆ ಹೋಗುವ ಬಸ್ಸು ಹತ್ತುವುದು.

ಜೇಬಿನಲ್ಲಿ ಹಿಡಿಯುತ್ತಿತ್ತೆಂಬುದೇ ದೊಡ್ಡ ಮಾತು. 1971ರಲ್ಲಿ ಐಬಿಎಂ ಹೊರತಂದ ಫ್ಲಾಪಿ ಎಂಟು ಅಂಗುಲ ಅಗಲವಿದ್ದು, ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು 80 ಕಿಲೋಬೈಟ್ ಮಾತ್ರ. ತಟ್ಟೆ ದೊಡ್ಡದು, ಊಟ ಒಂದು ತುತ್ತು. ನನ್ನದು ಸೋನಿ ಕಂಪನಿ 1981ರಲ್ಲಿ ಬಳಕೆಗೆ ತಂದ ಮೂರೂವರೆ ಅಂಗುಲದ ಜಾತಿಯದು, 1.44 ಮೆಗಾಬೈಟಿನದು. ಗಟ್ಟಿ ಪ್ಲಾಸ್ಟಿಕ್ ಕವಚ, ಸ್ಪ್ರಿಂಗಿನಿಂದ ಸರಿಯುವ ಲೋಹದ ಪುಟ್ಟ ಬಾಗಿಲು. ಯಾರೂ ಅಳಿಸದಿರಲೆಂದು ಮೂಲೆಯ ಚಿಕ್ಕ ಕಿಂಡಿಯನ್ನು ತೆರೆದಿಟ್ಟಿದ್ದೆ. ಒಂದು ಕೈಕೊಟ್ಟರೆ ಇನ್ನೊಂದಿರಲೆಂದು ಎರಡು ಪ್ರತಿಗಳನ್ನೂ ಮಾಡಿಕೊಂಡಿದ್ದೆ.

ಹಾಸನದಲ್ಲಿ ಕಂಪ್ಯೂಟರು ಫ್ಲಾಪಿಯನ್ನು ನುಂಗಿ, ಕೆಮ್ಮಿ, ಕೊನೆಗೆ ‘ಇದು ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?’ ಎಂದು ಕೇಳಿತು. ಫಾರ್ಮ್ಯಾಟ್ ಎಂದರೆ ಇದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಅಣಿಗೊಳಿಸುವುದು; ಮನೆ ಸುಡಲೇ ಎಂದು ಬಾಗಿಲಲ್ಲಿ ನಿಂತು ಅಪ್ಪಣೆ ಕೇಳುವವನ ವಿನಯ ಅದು. ಎರಡನೆಯ ಪ್ರತಿಗೂ ಅದೇ ಪ್ರಶ್ನೆ. ಅನುಮಾನಗೊಂಡ ಮಾಲೀಕರು ತಮ್ಮದೇ ಫ್ಲಾಪಿಯೊಂದನ್ನು ಹಾಕಿದರೆ, ನಿನ್ನೆಯವರೆಗೆ ಚೆನ್ನಾಗಿದ್ದ ಅದಕ್ಕೂ ಅದೇ ಗತಿಯಾಯಿತು. ಅವರು ನನ್ನ ಫ್ಲಾಪಿಯನ್ನು ಮೂಗಿನ ಬಳಿ ಹಿಡಿದು, “ಏನ್ರೀ ಇದು, ಹೊಲಿಗೆ ಮಿಷಿನ್ ವಾಸನೆ ಬರ್ತಿದೆಯಲ್ಲ?” ಎಂದಾಗ ನನಗೆ ನಮ್ಮ ತಂದೆಯವರ ನೆನಪಾಯಿತು.

ಛತ್ರಿಯ ಕಡ್ಡಿ, ಗೇಟಿನ ಕೀಲು, ಕೊಟ್ಟಿಗೆಯ ಚಿಲಕ, ಹೀಗೆ ಮಲೆನಾಡಿನ ಥಂಡಿಗೆ ಕಿರುಗುಟ್ಟುವ ಸಕಲ ವಸ್ತುಗಳಿಗೂ ಎಣ್ಣೆ ಬಿಡುವುದು ಅವರ ಮಳೆಗಾಲದ ವ್ರತ. ರಾತ್ರಿ ನಾನು ಫ್ಲಾಪಿಯ ಬಾಗಿಲನ್ನು ಸುಮ್ಮನೆ ಸರಿಸಿ ನೋಡುತ್ತಿದ್ದಾಗ ಅದು ‘ಕಿರ್’ ಎಂದದ್ದು ಅವರ ಕಿವಿಗೆ ಬಿದ್ದಿರಬೇಕು. ಬೆಳಗಾಗುವುದರೊಳಗೆ ಎರಡೆರಡು ಹನಿ ಬಿಟ್ಟಿದ್ದರು, ಎರಡೂ ಪ್ರತಿಗಳಿಗೆ. ಅವರು ಪಕ್ಷಪಾತ ಮಾಡುವವರಲ್ಲ. ಕವಚದೊಳಗೆ ಧೂಳೊರೆಸಲೆಂದೇ ಇರುವ ಮೆತ್ತನೆಯ ಪದರ ಆ ಎಣ್ಣೆಯನ್ನು ದೀಪದ ಬತ್ತಿಯಂತೆ ಹೀರಿ, ನಿಮಿಷಕ್ಕೆ 300 ಸುತ್ತು ತಿರುಗುವ ತೆಳುವಾದ ಬಿಲ್ಲೆಗೆ ಒಪ್ಪವಾಗಿ ಸವರಿತ್ತು. ಫ್ಲಾಪಿಯಲ್ಲಿ ಓದುವ ಹೆಡ್ ಬಿಲ್ಲೆಯನ್ನು ಮುಟ್ಟಿಕೊಂಡೇ ಓದುವುದರಿಂದ, ಅಭ್ಯಂಜನದ ಪ್ರಸಾದ ಮುದ್ರಣಾಲಯದ ಡ್ರೈವಿಗೂ, ಅಂದರೆ ಫ್ಲಾಪಿ ಓದುವ ಯಂತ್ರಕ್ಕೂ, ಸಂದಿತ್ತು. ಮೂಲೆಯ ಕಿಂಡಿ ತೆರೆದಿದ್ದರೆ ಹೊಸದಾಗಿ ಬರೆಯಲಾಗದು, ನಿಜ. ಎಣ್ಣೆಯನ್ನು ತಡೆಯುವ ಕೆಲಸವನ್ನು ಅದಕ್ಕೆ ಯಾರೂ ವಹಿಸಿರಲಿಲ್ಲ.

ಡ್ರೈವಿನ ದುರಸ್ತಿಗೆ ಹಣ ತೆತ್ತು, ಮರುದಿನ ಮತ್ತೆ ಅರವತ್ತು ಕಿಲೋಮೀಟರ್ ಬರುವೆನೆಂದು ಮಾತು ಕೊಟ್ಟು, ರಾತ್ರಿ ತೊಯ್ದುಕೊಂಡು ಮನೆಗೆ ಬಂದೆ. ಅಪ್ಪ ಜಗಲಿಯಲ್ಲಿ ಎಣ್ಣೆಯ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಕಾಯುತ್ತಿದ್ದರು.

“ಹೇಗಾಯ್ತೋ? ಕಿರ್ ಅನ್ನೋದು ನಿಂತಿತಾ?”

“ನಿಂತಿತಪ್ಪ,” ಎಂದೆ, “ಪೂರ್ತಿ ನಿಂತಿತು.”