ಹಿಂದೆ ಖಾಲಿ ಇದೆ, ಹೋಗಿ ಸ್ವಾಮಿ

ಬೆಳಿಗ್ಗೆ ಎಂಟೂವರೆಯ ಬಸ್ಸು ಹತ್ತುವವರು ದಿನಾ ಒಂದು ಸುಳ್ಳು ಕೇಳಿಸಿಕೊಳ್ಳುತ್ತಾರೆ. ‘ಹಿಂದೆ ಖಾಲಿ ಇದೆ, ಹೋಗಿ ಸ್ವಾಮಿ.’ ಹೇಳುವ ಕಂಡಕ್ಟರಿಗೂ ಗೊತ್ತು, ಕೇಳುವ ನಮಗೂ ಗೊತ್ತು, ಹಿಂದೆ ಖಾಲಿ ಇಲ್ಲ. ಹಿಂದೆ ನಿಂತವರು ಇದಕ್ಕೆ ನಗುವುದನ್ನೂ ಬಿಟ್ಟಿದ್ದಾರೆ. ನಗಬೇಕೆಂದರೆ ಎದೆ ಸ್ವಲ್ಪ ಹಿಗ್ಗಬೇಕಲ್ಲ, ಅಷ್ಟು ಜಾಗ ಎಲ್ಲಿದೆ? ಆದರೂ ನಾವು ಹಿಂದೆ ಹೋಗುತ್ತೇವೆ. ಹೋದರೆ ಎಲ್ಲಿಂದಲೋ ಒಂದು ಪಾದ ಊರುವಷ್ಟು ಜಾಗ ಹುಟ್ಟುತ್ತದೆ. ಇನ್ನೊಂದು ಪಾದದ ಗತಿ ಮುಂದಿನ ಸ್ಟಾಪಿನಲ್ಲಿ.

ಮೊನ್ನೆ ಹೀಗೆ ಒಂಟಿಕಾಲಲ್ಲಿ ನಿಂತಿದ್ದೆ. ಯಾರದೋ ಊಟದ ಡಬ್ಬಿ ಬೆನ್ನಿಗೆ ಒತ್ತುತ್ತಿತ್ತು. ಮಾಡಲು ಬೇರೆ ಕೆಲಸವಿಲ್ಲ. ಈ ಬಸ್ಸಿನ ಅವಸ್ಥೆಗೆ ಕನ್ನಡದಲ್ಲಿ ಏನೇನು ಮಾತಿದೆ ಎಂದು ಎಣಿಸತೊಡಗಿದೆ. ಪತ್ರಿಕೆಯವರು ‘ಕಿಕ್ಕಿರಿದಿತ್ತು’ ಎಂದು ಬರೆಯುತ್ತಾರೆ. ಆ ಪದದಲ್ಲೇ ಒಂದು ಅಕ್ಷರದ ಕಾಲಡಿ ಇನ್ನೊಂದು ಸಿಕ್ಕಿಕೊಂಡಿದೆ, ನೋಡಿ. ‘ಗಿಜಿಗುಡುತ್ತಿತ್ತು’ ಅಂದರೆ ಜನರ ಜೊತೆಗೆ ಸದ್ದೂ ಸೇರಿತು. ಜಾತ್ರೆಯ ಜನಕ್ಕೆ ‘ಎಳ್ಳು ಹಾಕಿದರೂ ಕೆಳಗೆ ಬೀಳುವುದಿಲ್ಲ’ ಎನ್ನುವ ಮಾತಿದೆ. ಅಷ್ಟು ಜನರ ತಲೆಯ ಮೇಲೆ ಎಳ್ಳು ಹಾಕಿ ನೋಡಿದ ಪುಣ್ಯಾತ್ಮ ಯಾರೋ! ಬೆಂಗಳೂರಿನವರಿಗೆ ಇದ್ಯಾವುದೂ ಬೇಡ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರೆ ಮೂವರ ಸೀಟಿನಲ್ಲಿ ನಾಲ್ಕನೆಯವರು ಕೂತಾಯಿತು.

ಒಂದೇ ಕಾಲಿನ ಮೇಲೆ ನಿಂತವನಿಗೆ ಕುಮಾರವ್ಯಾಸ ನೆನಪಾಗುವುದು ಸಹಜವೇ. ಗದುಗಿನ ಭಾರತದ ಶುರುವಿನಲ್ಲೇ ಅವನು ರಶ್ಶಿನ ಬಗ್ಗೆ ದೂರು ಹೇಳಿದ್ದಾನೆ. ರಾಮಾಯಣವನ್ನು ಯಾಕೆ ಬರೆಯಲಿಲ್ಲ ಎಂದರೆ, ಆಗಲೇ ಜಾಸ್ತಿ ಜನ ಬರೆದುಬಿಟ್ಟಿದ್ದಾರೆ. ‘ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ.’ ಭೂಮಿ ಹೊತ್ತ ಆದಿಶೇಷನಿಗೆ ಭೂಮಿಯೇನೂ ಲೆಕ್ಕಕ್ಕಿಲ್ಲ, ಕವಿಗಳ ತೂಕ ತಡೆಯಲಾಗುತ್ತಿಲ್ಲ. ಅಲ್ಲಿ ‘ಕಾಲಿಡಲು ತೆರಪಿಲ್ಲ’ ಎಂದೂ ಹೇಳುತ್ತಾನೆ. ಇದು ನಮ್ಮ ಎಂಟೂವರೆಯ ಬಸ್ಸೇ ಅಲ್ವಾ? ಕುಮಾರವ್ಯಾಸ ಜಾಣ. ಆ ಬಸ್ಸು ಬಿಟ್ಟು ಭಾರತದ ಬಸ್ಸು ಹತ್ತಿದ.

ಅವನ ‘ತಿಣಿಕು’ ನನಗೆ ಬಹಳ ಇಷ್ಟ. ಈಗ ‘ತಿಣುಕು’ ಆಗಿ ನಮ್ಮ ಜೊತೆಗೇ ಇದೆ. ಘಾಟಿ ಹತ್ತುವ ಲಾರಿ ತಿಣುಕುತ್ತದೆ. ತಿಂಗಳ ಕೊನೆಯಲ್ಲಿ ಲೆಕ್ಕ ಕೂಡಿಸಲು ನಾನು ತಿಣುಕಾಡುತ್ತೇನೆ. ‘ಓವರ್‌ಲೋಡ್’ ಅಂದರೆ ತೂಕ ಎಷ್ಟಿದೆ ಎಂದು ಗೊತ್ತಾಗುತ್ತದೆ, ಅಷ್ಟೇ. ‘ತಿಣುಕು’ ಅಂದರೆ ಹೊತ್ತವನ ಗಂಟಲಿನ ಸದ್ದೇ ಕೇಳಿಸುತ್ತದೆ.

ನಮ್ಮಜ್ಜನ ಊರಿನಲ್ಲಿ ಎತ್ತಿನಗಾಡಿಗೆ ಹೇರುವವರು ಇದನ್ನು ಇನ್ನೂ ನಾಜೂಕಾಗಿ ಹೇಳುತ್ತಿದ್ದರು. ಹಿಂದೆ ಜಾಸ್ತಿಯಾದರೆ ಹಿಂಭಾರ. ಗಾಡಿಯ ಮೂಕಿ ಮೇಲಕ್ಕೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂದೆ ಜಾಸ್ತಿಯಾದರೆ ಮುಂಭಾರ. ಆಗ ನೊಗ ಒತ್ತಿ ಹೆಗಲು ಬಾತುಕೊಳ್ಳುತ್ತದೆ. ಮೂಟೆ ಅಷ್ಟೇ, ಕೂತ ಜಾಗ ಮಾತ್ರ ಬೇರೆ. ಅಜ್ಜ ಗಾಡಿಯ ಹಿಂದೆ ನಿಂತು ಒಂದು ಕೈಯಲ್ಲಿ ಒತ್ತಿ ನೋಡಿ, ‘ಒಂದು ಮೂಟೆ ಮುಂದಕ್ಕೆ ಹಾಕ್ರೋ’ ಎನ್ನುತ್ತಿದ್ದರು. ಆ ಲೆಕ್ಕದಲ್ಲಿ ನಮ್ಮ ಬಸ್ಸಿಗೆ ಯಾವಾಗಲೂ ಮುಂಭಾರ. ಕಂಡಕ್ಟರ್ ‘ಹಿಂದೆ ಹೋಗಿ’ ಎನ್ನುವುದರಲ್ಲಿ ನ್ಯಾಯ ಇದೆ ಅನ್ನಿ.

ಇವೆಲ್ಲ ಭಾರದ ಗೋಳು. ನೀರಿನ ವಿಷಯಕ್ಕೆ ಬಂದರೆ ಕನ್ನಡದ ಮುಖವೇ ಅರಳುತ್ತದೆ. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿದರೆ ‘ಕೋಡಿ ಬಿತ್ತು’ ಎನ್ನುತ್ತೇವೆ. ಅದು ಸಿಹಿಸುದ್ದಿ. ಊರಿಗೆ ಊರೇ ನೋಡಲು ಹೋಗುತ್ತದೆ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಧಾನ್ಯ ಇಟ್ಟು ಬಾಗಿನ ಬಿಡುತ್ತಾರೆ. ಕೃಷ್ಣರಾಜಸಾಗರದಲ್ಲಿ ನೀರು 124.80 ಅಡಿ ಮುಟ್ಟಿತೆಂದರೆ ಮುಖ್ಯಮಂತ್ರಿಗಳೇ ಬಾಗಿನ ಕೊಡಲು ಬರುತ್ತಾರೆ. ಹಿರಿಯೂರಿನ ಹತ್ತಿರದ ಮಾರಿಕಣಿವೆಯದು, ಅಂದರೆ ವಾಣಿ ವಿಲಾಸ ಸಾಗರದ್ದು, ಇನ್ನೂ ದೊಡ್ಡ ಕಥೆ. ಅದು ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! ಮುತ್ತಾತ ಕಂಡದ್ದನ್ನು ಮರಿಮಗ ಕಂಡ. ಇಷ್ಟು ಕಾಯಿಸಿದ ಮೇಲೆ 2025ರ ಜನವರಿಯಲ್ಲಿ ಅದು ಮತ್ತೆ ಕೋಡಿ ಬಿತ್ತು.

ಕೋಡಿ ಎನ್ನುವುದು ತಾನಾಗಿ ಆಗುವುದಲ್ಲ, ಕಟ್ಟಿದ್ದು. ಏರಿಗಿಂತ ತಗ್ಗಿನಲ್ಲಿ ಒಂದು ಕಡೆ ಕಲ್ಲು ಕಟ್ಟಿ, ಜಾಸ್ತಿಯಾದ ನೀರು ಇಲ್ಲಿಂದಲೇ ಹೋಗಲಿ ಎಂದು ಬಿಟ್ಟ ದಾರಿ. ಅದಿಲ್ಲದಿದ್ದರೆ ನೀರು ಏರಿಯನ್ನೇ ಒಡೆಯುತ್ತದೆ. ಕೋಡಿಯಿಂದ ಹೊರಟ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗುತ್ತದೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಬೆಂಗಳೂರಿನ ಕೆರೆಗಳೂ ಹೀಗೇ ಒಂದಕ್ಕೊಂದು ಕೈಹಿಡಿದುಕೊಂಡಿದ್ದವು. ಆ ಕಾಲುವೆಗಳ ಮೇಲೆ ನಾವು ಸೈಟು ಮಾಡಿದೆವು. ಮಾರಿಕಣಿವೆಯಲ್ಲಿ ಕೋಡಿ ನೋಡಲು ಜನ ಮುಗಿಬಿದ್ದ ಅದೇ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕಂಪ್ಯೂಟರ್ ಕಂಪನಿಗಳ ಹುಡುಗರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಇಲ್ಲಿ ಯಾರೂ ‘ಕೋಡಿ ಬಿತ್ತು’ ಎನ್ನಲಿಲ್ಲ. ‘ಮುಳುಗಿತು’ ಎಂದರು.

ಹಾಲಿನದೂ ವಿಚಿತ್ರ. ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲಿಟ್ಟು, ಅದು ಉಕ್ಕಲಿ ಎಂದು ಹತ್ತು ಜನ ಸುತ್ತ ನಿಂತು ಕಾಯುತ್ತೇವೆ. ಉಕ್ಕಿ ಒಲೆಯೆಲ್ಲ ಒದ್ದೆಯಾದರೆ ಸಂತೋಷವೋ ಸಂತೋಷ. ಮಾರನೆಯ ದಿನ ಅದೇ ಹಾಲು, ಅದೇ ಒಲೆ. ಉಕ್ಕಿತೋ, ‘ಕಣ್ಣು ಎಲ್ಲಿತ್ತು ನಿಂಗೆ?’ ಎಂದು ಬೈಗುಳ. ಕಾಯುವ ದಿನ ಹಾಲು ಬೇಕೆಂದೇ ತಡಮಾಡುತ್ತದೆ ಎನ್ನುವುದು ನನ್ನ ಅನುಭವ. ಉಳಿದ ದಿನ ನಾವು ಬೆನ್ನು ತಿರುಗಿಸುವುದನ್ನೇ ಕಾಯುತ್ತಿರುತ್ತದೆ.

ಹೊಟ್ಟೆಯ ವಿಷಯ ಕೇಳಬೇಡಿ. ಮದುವೆ ಊಟದಲ್ಲಿ ‘ಸಾಕು’ ಎನ್ನುವುದಕ್ಕೆ ಮೂರು ಅರ್ಥ. ಸುಮ್ನೆ ‘ಸಾಕು’ ಎಂದರೆ ಬಡಿಸುವವರಿಗೆ ‘ಹಾಕಿ’ ಎಂದು ಕೇಳಿಸುತ್ತದೆ. ‘ಸಾಕು ಸಾಕು’ ಎಂದರೆ ‘ಒಂದೇ ಹಾಕಿ’. ಎರಡೂ ಕೈ ಎಲೆಗೆ ಅಡ್ಡ ಹಿಡಿದು, ಮುಂದಕ್ಕೆ ಬಗ್ಗಿ, ‘ಅಯ್ಯೋ ಸಾಕು!’ ಎಂದರೆ ಮಾತ್ರ ನಿಜವಾದ ಸಾಕು. ಅಷ್ಟರಲ್ಲಿ ಕೈಸಂದಿಯಲ್ಲಿ ಒಂದು ಹೋಳಿಗೆ ಎಲೆಗೆ ಬಿದ್ದಿರುತ್ತದೆ. ತುಪ್ಪಕ್ಕೆ ಮಾತ್ರ ಯಾರೂ ಸಾಕು ಎಂದದ್ದನ್ನು ನಾನು ಕೇಳಿಲ್ಲ. ಅದಕ್ಕೇ ಇರಬೇಕು, ತುಪ್ಪ ಬಡಿಸುವವರು ಸಾಲಿನುದ್ದಕ್ಕೂ ಓಡುತ್ತಾರೆ.

ಬಸ್ಸಿನಲ್ಲಿ ಇಷ್ಟು ದೂರ ಬಂದಿದ್ದೆ. ಆಗ ಮಗಳ ಫೋನು. ಜೇಬಿನಿಂದ ಅದನ್ನು ತೆಗೆಯುವುದೇ ಒಂದು ಸಾಹಸ. ಮೂವರ ಕ್ಷಮೆ ಕೇಳಿ ಕಿವಿಗೆ ಹಿಡಿದೆ.

‘ಅಪ್ಪಾ, ಅಕ್ಕಿ ಹೆಚ್ಚಿದೆ ಅಂತ ಅಜ್ಜಿ ಹೇಳಿದ್ರು. ಬರ್ತಾ ತರಬೇಡ ಆಯ್ತಾ?’

‘ಆಯ್ತಮ್ಮ’ ಎಂದೆ. ಫೋನನ್ನು ಮತ್ತೆ ಜೇಬಿಗೆ ಸೇರಿಸುವ ಚಿಂತೆಯಲ್ಲಿ ಅರ್ಥ ತಲೆಗೆ ಹೋಗಲೇ ಇಲ್ಲ.

ರಾತ್ರಿ ಅಡುಗೆಮನೆಯಲ್ಲಿ ಗೊತ್ತಾಯಿತು. ನಮ್ಮಮ್ಮನ ಕಾಲದವರು ಮನೆಯಲ್ಲಿ ‘ಇಲ್ಲ’, ‘ಖಾಲಿ’, ‘ಮುಗೀತು’ ಎನ್ನುವುದಿಲ್ಲ. ಒಡೆದ ಬಳೆಯನ್ನು ‘ಬಳೆ ಹೆಚ್ಚಿತು’ ಎನ್ನುತ್ತಾರೆ. ದೀಪ ಆರಿಸು ಎನ್ನಬಾರದು, ‘ದೀಪ ದೊಡ್ಡದು ಮಾಡು’ ಎನ್ನಬೇಕು. ಅಕ್ಕಿ ತಳ ಕಂಡರೆ ‘ಅಕ್ಕಿ ಹೆಚ್ಚಿದೆ’. ಏನೂ ಇಲ್ಲದ್ದಕ್ಕೆ ಜಾಸ್ತಿಯ ಮಾತು! ಏಳನೇ ಕ್ಲಾಸಿನ ಮಗಳಿಗೆ ಇದೆಲ್ಲಿ ಗೊತ್ತಾಗಬೇಕು? ಅವಳ ಕನ್ನಡದಲ್ಲಿ ಹೆಚ್ಚು ಅಂದರೆ ಹೆಚ್ಚು. ‘ತುಂಬಿರೋ ಬಸ್ಸನ್ನ ಖಾಲಿ ಅಂತೀರಾ, ಖಾಲಿ ಡಬ್ಬಾನ ಹೆಚ್ಚಿದೆ ಅಂತೀರಾ. ನಿಮ್ಮ ಜೊತೆ ಹೇಗಪ್ಪಾ ಮಾತಾಡೋದು?’ ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಅಂಗಡಿ ಮುಚ್ಚಿತ್ತು. ಉಪ್ಪಿಟ್ಟಾಯಿತು. ಎರಡು ಸಲ ‘ಸಾಕಮ್ಮ’ ಎಂದರೂ ಅಮ್ಮ ತಟ್ಟೆಗೆ ಇನ್ನೊಂದು ಸೌಟು ಹಾಕಿದರು. ಆಮೇಲೆ ಡಬ್ಬ ಎತ್ತಿ ಅಲ್ಲಾಡಿಸಿ, ‘ರವೆನೂ ಹೆಚ್ಚಿತು ಕಣೋ’ ಎಂದರು.

ಮಗಳು ಎದ್ದು ಹೋಗಿ ಡಬ್ಬದೊಳಗೆ ಇಣುಕಿ ನೋಡಿ ಬಂದಳು.