ಹದಿಮೂರು ಒಲೆ, ಒಂದು ಕಿರ್ದಿ

1890ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸ್ಟೀಫನ್ ಬಾಬ್‌ಕಾಕ್ ಅವರು ಹಾಲಿನಲ್ಲಿ ಕೊಬ್ಬಿನ ಅಂಶ ಎಷ್ಟಿದೆಯೆಂದು ಪತ್ತೆ ಮಾಡುವ ಅಗ್ಗದ, ಸುಲಭದ ಪರೀಕ್ಷೆಯೊಂದನ್ನು ಲೋಕಕ್ಕೆ ಕೊಟ್ಟರು. ಅಲ್ಲಿಯವರೆಗೆ ಗಟ್ಟಿ ಹಾಲು ತಂದವನಿಗೂ, ಹಾದಿಯಲ್ಲಿ ಸಿಕ್ಕ ಬಾವಿಗೆ ಕ್ಯಾನು ತೋರಿಸಿ ತಂದವನಿಗೂ ಒಂದೇ ದರ ಸಲ್ಲುತ್ತಿತ್ತು. ನಮ್ಮ ಹಳ್ಳಿಯ ಡೈರಿಗಳಲ್ಲಿ ಹಾಲು ಹಾಕಿದವರ ಪುಸ್ತಕದಲ್ಲಿ ಫ್ಯಾಟ್ ಎಷ್ಟೆಂದು ಬರೆದುಕೊಡುವ ಪದ್ಧತಿಯ ಹಿಂದೆ ಇರುವುದೂ ಅದೇ ವಿಚಾರವೇ. ಆ ವಿಜ್ಞಾನಿಯ ಹೆಸರಿನ ಕಟ್ಟಡದಲ್ಲಿ ವಿಶ್ವವಿದ್ಯಾಲಯವು ಇಂದಿಗೂ ತಾನೇ ಐಸ್‌ಕ್ರೀಂ ತಯಾರಿಸಿ ಮಾರುತ್ತದೆ. ಪರರ ಕ್ಯಾನಿನ ಕೆನೆ ಅಳೆಯುವುದನ್ನು ಜಗತ್ತಿಗೆ ಕಲಿಸಿದ ಈ ಸಂಸ್ಥೆಯ ಸ್ವಂತ ಪಾತ್ರೆಗಳಲ್ಲಿ ಎಷ್ಟು ಕೆನೆ ಕಟ್ಟಿದೆ ಎಂಬುದನ್ನು ಮಾತ್ರ 123 ವರ್ಷಗಳ ತರುವಾಯ, 2013ರಲ್ಲಿ, ಶಾಸನಸಭೆಯ ಹಣಕಾಸು ಕಚೇರಿಯವರು ಲೆಕ್ಕ ಹಾಕಿ ಊರಿಗೆಲ್ಲ ಹೇಳಬೇಕಾಯಿತು. ಮೊತ್ತವೇನೂ ಸಣ್ಣದಲ್ಲ: ಖರ್ಚಾಗದೆ ಉಳಿದಿದ್ದ 64 ಕೋಟಿ 80 ಲಕ್ಷ ಡಾಲರ್.

ಆ ಕೆನೆಯ ಕಥೆಗೆ ಬರುವ ಮುನ್ನ ಮನೆಯ ವಿಸ್ತಾರವನ್ನು ತಿಳಿಯುವುದು ಒಳ್ಳೆಯದು. 1971ರಲ್ಲಿ ಆ ರಾಜ್ಯವು ತನ್ನಲ್ಲಿದ್ದ ಎರಡು ಉನ್ನತ ಶಿಕ್ಷಣ ಸಂಸಾರಗಳನ್ನು ಕಾನೂನಿನ ಬಲದಿಂದ ಒಂದುಗೂಡಿಸಿತು. ಕೂಡುಕುಟುಂಬಗಳು ಒಡೆಯುವುದನ್ನು ಕಂಡ ನಮಗೆ, ಒಡೆದೇ ಇದ್ದ ಮನೆಗಳನ್ನು ಕಾಯ್ದೆ ಮಾಡಿ ಕೂಡಿಸಿದ ಈ ಸಾಹಸ ಸ್ವಲ್ಪ ವಿಚಿತ್ರವಾಗಿಯೇ ತೋರುತ್ತದೆ. ಮ್ಯಾಡಿಸನ್, ಮಿಲ್ವಾಕಿ, ಓಶ್‌ಕಾಶ್, ಲಾ ಕ್ರಾಸ್, ಉತ್ತರದ ಸರೋವರದ ದಡದ ಸುಪೀರಿಯರ್ ಎಂದು ಹದಿಮೂರು ವಿಶ್ವವಿದ್ಯಾಲಯಗಳು, ಅವುಗಳ ಜೊತೆಗೆ ಎರಡು ವರ್ಷದ ಕೋರ್ಸಿನ ಹಲವು ಕಾಲೇಜುಗಳೂ ಸೇರಿ ಒಂದೇ ಸಂಸಾರವಾದವು. ಯಜಮಾನರ ಕಚೇರಿ ಮ್ಯಾಡಿಸನ್ನಿನ ವ್ಯಾನ್ ಹೈಸ್ ಎಂಬ ಎತ್ತರದ ಕಟ್ಟಡದ ಮೇಲಿನ ಮಹಡಿಗಳಲ್ಲಿ ಕುಳಿತಿತು. ಅದೇ ಕಟ್ಟಡದ ಕೆಳಗಿನ ಮಹಡಿಗಳಲ್ಲಿ ಲೋಕದ ನಾನಾ ಭಾಷೆಗಳನ್ನು ಕಲಿಸುತ್ತಾರೆ. ಮೇಲಿನಿಂದ ಇಳಿದು ಬರುತ್ತಿದ್ದ ಸುತ್ತೋಲೆಗಳ ಭಾಷೆಗೆ ಮಾತ್ರ ಅಲ್ಲಿ ಪೀಠ ಸ್ಥಾಪನೆಯಾದಂತಿಲ್ಲ.

ಹೀಗೆ ಮನೆ ಒಂದಾಯಿತು, ಒಲೆಗಳು ಬೇರೆಯಾಗಿಯೇ ಉಳಿದವು. ಸಂಬಳದ ಬಟವಾಡೆಯೊಂದನ್ನೇ ನೋಡಿದರೂ ಸಾಕು. ಕಚೇರಿ ಸಿಬ್ಬಂದಿಗೆ ಎರಡು ವಾರಕ್ಕೊಮ್ಮೆ, ಅಧ್ಯಾಪಕರಿಗೆ ತಿಂಗಳಿಗೊಮ್ಮೆ. ಆ ಅಧ್ಯಾಪಕರಲ್ಲಿಯೂ ಅನೇಕರ ನೇಮಕಾತಿ ವರ್ಷಕ್ಕೆ ಒಂಬತ್ತೇ ತಿಂಗಳು. ಬೆಳಿಗ್ಗೆ ಗ್ರಂಥಾಲಯದಲ್ಲಿ, ಸಂಜೆ ಕ್ಯಾಂಟೀನಿನಲ್ಲಿ, ನಡುವೆ ಪ್ರಯೋಗಾಲಯದಲ್ಲಿ ದುಡಿಯುವ ವಿದ್ಯಾರ್ಥಿಗೆ ಮೂರು ಕಡೆಯಿಂದ ಮೂರು ಲೆಕ್ಕ. ಇವೆಲ್ಲವನ್ನೂ 1970ರ ದಶಕದ ಒಂದು ಮುದಿ ಗಣಕವ್ಯವಸ್ಥೆಯು ಗೊಣಗುತ್ತಲೇ ನಿಭಾಯಿಸುತ್ತಿತ್ತು. ಅದಕ್ಕೆ ವಯಸ್ಸಾಯಿತೆಂದು 2001ರಲ್ಲಿ ಲಾಸನ್ ಎಂಬ ಕಂಪನಿಯ ತಂತ್ರಾಂಶವನ್ನು ತರಲು ಹೊರಟರು. ಐದು ವರ್ಷ ಸಭೆಗಳು ನಡೆದವು, ಸುಮಾರು 2 ಕೋಟಿ 80 ಲಕ್ಷ ಡಾಲರ್ ಖರ್ಚಾಯಿತು, 2006ರಲ್ಲಿ ಯೋಜನೆಯನ್ನು ಕೈಬಿಡಲಾಯಿತು. ಒಬ್ಬ ಗುಮಾಸ್ತನಿಗೂ ಅದರಿಂದ ಒಂದು ದಿನದ ಸಂಬಳ ಬಟವಾಡೆಯಾಗಲಿಲ್ಲ. ಮುದಿ ವ್ಯವಸ್ಥೆ ಮತ್ತೆ ಐದು ವರ್ಷ ದುಡಿಯಿತು. ನಿವೃತ್ತಿಯ ಬೀಳ್ಕೊಡುಗೆ ಮುಗಿಸಿ ಹಾರ ಹಾಕಿಸಿಕೊಂಡವರನ್ನೇ ಮರುದಿನ ಹೊರಗುತ್ತಿಗೆಯ ಮೇಲೆ ಕರೆಸಿಕೊಳ್ಳುವ ಕಚೇರಿಗಳನ್ನು ಬಲ್ಲವರಿಗೆ ಇದು ಹೊಸತೇನಲ್ಲ.

2011ರಲ್ಲಿ ಪೀಪಲ್‌ಸಾಫ್ಟ್ ಎಂಬ ತಂತ್ರಾಂಶ ಬಂದಿತು. ಈ ಸಲ ಯಂತ್ರ ನಿಲ್ಲಲಿಲ್ಲ, ಓಡಿತು, ಅಗತ್ಯಕ್ಕಿಂತ ಚೆನ್ನಾಗಿಯೇ ಓಡಿತು. ಎರಡು ವರ್ಷದೊಳಗೆ ಲೆಕ್ಕಪರಿಶೋಧಕರು ಬಂದು ನೋಡಿದಾಗ ನೌಕರರ ಆರೋಗ್ಯ ವಿಮೆ ಮತ್ತು ಪಿಂಚಣಿ ನಿಧಿಗೆ ಸುಮಾರು 3 ಕೋಟಿ 30 ಲಕ್ಷ ಡಾಲರ್ ಹೆಚ್ಚುವರಿಯಾಗಿ ಪಾವತಿಯಾಗಿತ್ತು. ಕೆಲಸ ಬಿಟ್ಟು ಹೋದವರ ವಿಮೆಯ ಕಂತನ್ನೂ ವಿಶ್ವವಿದ್ಯಾಲಯವು ಶ್ರದ್ಧೆಯಿಂದ ಕಟ್ಟುತ್ತಿತ್ತು. ಹೋದವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಎಡೆ ಇಡುವುದನ್ನು ನಾವು ಬಲ್ಲೆವು. ತಿಂಗಳು ತಿಂಗಳೂ ಇಡುವ ಭಕ್ತಿ ಅಪರೂಪದ್ದು. ಕಾರಣ ಹುಡುಕಿದರೆ ಅದು ಯಾವ ಹೈಟೆಕ್ ದೋಷವೂ ಆಗಿರಲಿಲ್ಲ. ಕೊಟ್ಟ ಹಣಕ್ಕೂ ಕೊಡಬೇಕಾಗಿದ್ದ ಹಣಕ್ಕೂ ತಾಳೆ ನೋಡುವ ಕೆಲಸ ಸರಿಯಾಗಿ ನಡೆದಿರಲಿಲ್ಲ, ಅಷ್ಟೇ. ತಂತ್ರಾಂಶ ನೋಡುತ್ತದೆಂದು ಮನುಷ್ಯರು ನಂಬಿದ್ದರು, ಮನುಷ್ಯರು ನೋಡಿಯೇ ಬಟನ್ ಒತ್ತಿರುತ್ತಾರೆಂದು ತಂತ್ರಾಂಶವೂ ನಂಬಿತ್ತು.

ಇನ್ನು ಕೆನೆಯ ವಿಷಯ. ನಮ್ಮ ಅಜ್ಜಿಯರ ಕಾಲದ ಕೂಡುಕುಟುಂಬಗಳಲ್ಲಿ ಯಜಮಾನನ ತಿಜೋರಿಯಲ್ಲಿ ಎಷ್ಟಿದೆ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು, ಅಡುಗೆಮನೆಯ ಸಾಸಿವೆ ಡಬ್ಬಿಗಳಲ್ಲಿ ಎಷ್ಟಿದೆ ಎಂಬುದು ದೇವರಿಗೂ ಗೊತ್ತಿರುತ್ತಿರಲಿಲ್ಲ. ವಿಶ್ವವಿದ್ಯಾಲಯವೆಂದರೆ ಸಾವಿರಾರು ಸಾಸಿವೆ ಡಬ್ಬಿಗಳ ಅಡುಗೆಮನೆ. ಒಂದೊಂದು ವಿಭಾಗಕ್ಕೂ, ಒಂದೊಂದು ಪ್ರಯೋಗಾಲಯಕ್ಕೂ, ವಸತಿನಿಲಯಕ್ಕೂ, ಪಾರ್ಕಿಂಗ್ ಜಾಗಕ್ಕೂ ಒಂದೊಂದು ಡಬ್ಬಿ. ಒಂದರಲ್ಲಿ ಹೊಸ ಪ್ರಾಧ್ಯಾಪಕರ ಪ್ರಯೋಗಾಲಯಕ್ಕೆಂದು ಎತ್ತಿಟ್ಟದ್ದು, ಇನ್ನೊಂದರಲ್ಲಿ ಮಾಡು ಸೋರಿದರೆ ಇರಲಿ ಎಂದು ಮುಚ್ಚಿಟ್ಟದ್ದು. ಪ್ರತಿಯೊಂದು ಡಬ್ಬಿಗೂ ನ್ಯಾಯವಾದ ಕಾರಣವಿರುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅವೆಲ್ಲವನ್ನೂ ಒಂದೇ ಜಗಲಿಯ ಮೇಲೆ ಸುರಿದು ಎಣಿಸಿದಾಗ 64 ಕೋಟಿ 80 ಲಕ್ಷ ಡಾಲರ್ ಆಯಿತು. ಅದರಲ್ಲಿ ದೊಡ್ಡ ಪಾಲು ವಿದ್ಯಾರ್ಥಿಗಳ ಶುಲ್ಕದ್ದಾಗಿತ್ತು. ಅದಕ್ಕೆ ಹಿಂದಿನ ಆರು ವರ್ಷಗಳ ಕಾಲ, ಕೈ ಬರಿದಾಗಿದೆಯೆಂಬ ಕಾರಣ ಹೇಳಿ, ಅದೇ ವಿದ್ಯಾರ್ಥಿಗಳ ಶುಲ್ಕವನ್ನು ವರ್ಷಕ್ಕೆ ಶೇಕಡಾ 5.5ರಂತೆ ಏರಿಸಲಾಗಿತ್ತು. ಶಾಸಕರಿಗೆ ಸಿಟ್ಟು ಬಂದು ರಾಜ್ಯದ ಪದವಿ ವಿದ್ಯಾರ್ಥಿಗಳ ಶುಲ್ಕ ಏರಿಕೆಯನ್ನೇ ನಿಲ್ಲಿಸಿದರು, ಮುಂದಿನ ಹತ್ತು ವರ್ಷ ಆ ಶುಲ್ಕ ಏರಲಿಲ್ಲ. ಒಂದೇ ಮನೆಯವರು ಹನ್ನೆರಡು ವರ್ಷದೊಳಗೆ ದುಡ್ಡನ್ನು ಕೆಲಸವಾಗದೆ ಕಳೆದು, ಬೇಡದಿದ್ದರೂ ಕೊಟ್ಟು, ಕೊನೆಗೆ ಯಾರಿಗೂ ಹೇಳದೆ ಕೂಡಿಟ್ಟುದನ್ನು ನೋಡಿದರೆ, ಲೆಕ್ಕಶಾಸ್ತ್ರದ ಮೂರು ಅಧ್ಯಾಯಗಳನ್ನು ಪ್ರಾಯೋಗಿಕವಾಗಿ ಬೋಧಿಸಿದಂತಿದೆ.

ಇಷ್ಟರ ನಡುವೆಯೂ ಆ ವ್ಯವಸ್ಥೆಯ ಲೆಕ್ಕಪತ್ರಗಳಿಗೆ ಒಂದು ಹಂಚಿಕೆಯ ಹಣಕಾಸು ತಂತ್ರಾಂಶ ಇದ್ದೇ ಇತ್ತು, ಅದರ ಹೆಸರೂ 'ಹಂಚಿಕೆಯ ಹಣಕಾಸು ವ್ಯವಸ್ಥೆ' ಎಂದೇ ಇತ್ತು ಎಂದರೆ ಓದುಗರು ನಂಬಲಿಕ್ಕಿಲ್ಲ. ಯಾವ ಹಣ, ಯಾವ ವಿಭಾಗ, ಯಾವ ಕಾರ್ಯಕ್ರಮ, ಯಾವ ಯೋಜನೆ, ಯಾವ ಬಾಬತ್ತು ಎಂಬ ಸಂಖ್ಯೆಗಳನ್ನು ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ಜೋಡಿಸಿದರೆ ಒಂದು ಖರ್ಚಿಗೆ ಜಾತಕ ಸಿದ್ಧವಾಗುತ್ತಿತ್ತು. ಮೊದಲ ಬೋಗಿಯೇ ನಿಧಿ. ನಮ್ಮಲ್ಲಿ 2024ರವರೆಗೆ 144ನೇ ಸೆಕ್ಷನ್ ಎಂದರೆ ಗುಂಪು ಸೇರಬಾರದು ಎಂಬುದು ಮಕ್ಕಳಿಗೂ ಗೊತ್ತಿತ್ತು. ಅಲ್ಲಿ 144 ಎಂದರೆ ಒಕ್ಕೂಟ ಸರ್ಕಾರದ ಅನುದಾನವಾಗಿತ್ತು, ಅದರ ಸುತ್ತ ಸೇರುವಷ್ಟು ಗುಂಪು ಬೇರೆಲ್ಲಿಯೂ ಸೇರುತ್ತಿರಲಿಲ್ಲ. ಇಪ್ಪತ್ತು ವರ್ಷ ಅದೇ ಮೇಜಿನಲ್ಲಿ ಕುಳಿತ ಗುಮಾಸ್ತೆಗೆ ಈ ಸಂಖ್ಯೆಗಳು ಮಗ್ಗಿಯಂತೆ ಬಾಯಿಗೆ ಬರುತ್ತಿದ್ದವು. ವ್ಯವಸ್ಥೆಯೇನೋ ಒಂದೇ, ಆದರೆ ಓಶ್‌ಕಾಶಿನವರು ಒಂದು ಬೋಗಿಯಲ್ಲಿ ಏನು ತುಂಬುತ್ತಾರೋ ಮಿಲ್ವಾಕಿಯವರೂ ಅದನ್ನೇ ತುಂಬಬೇಕೆಂಬ ಕಟ್ಟುಪಾಡನ್ನು ಬಾಯಲ್ಲಿ ಹೇಳುವುದು ಸುಲಭ. ಹಳಿ ಒಂದಾದ ಮಾತ್ರಕ್ಕೆ ಸರಕು ಒಂದಾಗುವುದಿಲ್ಲ.

ಇಂಥ ಯೋಜನೆಗಳ ಸಭೆಗಳಲ್ಲಿ, ಯಾವ ದೇಶವಾದರೂ ಸರಿ, ಎಲ್ಲ ಕ್ಯಾಂಪಸ್ಸುಗಳೂ ಒಕ್ಕೊರಲಿನಿಂದ ಒಪ್ಪುವ ಮಾತು ಒಂದೇ: ಎಲ್ಲರಿಗೂ ಒಂದೇ ಪದ್ಧತಿ ಇರಬೇಕು. ಎರಡನೆಯ ಮಾತನ್ನು ಒಬ್ಬೊಬ್ಬರೇ, ಚಹಾ ವಿರಾಮದಲ್ಲಿ, ಸಲಹೆಗಾರರನ್ನು ಪಕ್ಕಕ್ಕೆ ಕರೆದು ಹೇಳುತ್ತಾರೆ: 'ನಮ್ಮದು ಮಾತ್ರ ಸ್ವಲ್ಪ ಬೇರೆ.' ವೈದ್ಯಕೀಯ ಕಾಲೇಜಿಗೆ ಆಸ್ಪತ್ರೆಯಿದೆ, ಕೃಷಿಯವರಿಗೆ ಹಸುವಿದೆ, ಸಂಗೀತದವರಿಗೆ ಪಿಯಾನೋ ಶ್ರುತಿ ಮಾಡುವವನಿಗೆ ನಗದಾಗಿಯೇ ಕೊಡಬೇಕಾಗಿದೆ. ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆಯುವ ಸಲಹೆಗಾರರು ಇದನ್ನೆಲ್ಲ ಅತ್ಯಂತ ತಾಳ್ಮೆಯಿಂದ ಬರೆದುಕೊಳ್ಳುತ್ತಾರೆ. ಆ ತಾಳ್ಮೆಗೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ರಾತ್ರಿ ಆ ಟಿಪ್ಪಣಿಗಳು ಸಮುದ್ರ ದಾಟಿ ಬರುತ್ತವೆ, ಅವನ್ನು ತಂತ್ರಾಂಶಕ್ಕೆ ಇಳಿಸುವ ಹುಡುಗರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯವರೂ ಇರುತ್ತಾರೆ. ಕಂಡೇ ಇಲ್ಲದ ಊರಿನ ಪಿಯಾನೋಗೆ ಒಂದು ಪ್ರತ್ಯೇಕ ಪರದೆಯನ್ನು ಅವರು ಬೆಳಗಾಗುವುದರೊಳಗೆ ಕಟ್ಟಿಕೊಡುತ್ತಾರೆ. ಹೀಗೆ ಹದಿಮೂರು ಒಲೆಗಳ ಬದಲಿಗೆ ಹದಿಮೂರು ಬಾಯಿಗಳಿರುವ ಒಂದು ಒಲೆ ಸಿದ್ಧವಾಗುತ್ತದೆ.

ಇದು ವಿಸ್ಕಾನ್ಸಿನ್ನಿನ ಹಣೆಬರಹ ಮಾತ್ರವೆಂದು ಯಾರೂ ತಿಳಿಯಬಾರದು. ಹತ್ತು ಕ್ಯಾಂಪಸ್ಸುಗಳ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ಸಂಬಳದ ಲೆಕ್ಕವನ್ನು ಒಂದುಗೂಡಿಸಲು ಕೈಗೊಂಡ ಯೋಜನೆಯ ವೆಚ್ಚವು ಮೊದಲಿನ ಅಂದಾಜಿನ ಮೂರು ಪಟ್ಟು ಬೆಳೆದು 94 ಕೋಟಿ ಡಾಲರ್ ಮುಟ್ಟಬಹುದೆಂದು 2017ರಲ್ಲಿ ಆ ರಾಜ್ಯದ ಲೆಕ್ಕಪರಿಶೋಧಕರೇ ಬರೆದರು. ಉಳಿತಾಯಕ್ಕೆಂದು ಹೊರಟ ಯೋಜನೆ ಅದು. ಜಾರಿಯಾದ ಮೇಲೆ ತರಗತಿಗಳಲ್ಲಿ ಪಾಠಕ್ಕೆ ನೆರವಾಗುವ ಸಂಶೋಧನಾ ವಿದ್ಯಾರ್ಥಿಗಳು ಸಂಬಳ ಬಾರದೆ ಮನೆ ಬಾಡಿಗೆಗೆ ಪರದಾಡಿದರು. ಅತ್ತ ಕೇಂಬ್ರಿಜ್ ವಿಶ್ವವಿದ್ಯಾಲಯದ ಮಹನೀಯರು 2000ದ ಆಗಸ್ಟ್ 1ರಂದು ಒರಾಕಲ್ ಎಂಬ ಕಂಪನಿಯ ತಂತ್ರಾಂಶವನ್ನು ಆಧರಿಸಿದ ಹೊಸ ಲೆಕ್ಕವ್ಯವಸ್ಥೆಯನ್ನು ಚಾಲನೆಗೊಳಿಸಿ, ಸರಕು ಪೂರೈಸಿದವರ ಬಿಲ್ಲುಗಳ ಬೆಟ್ಟದಡಿ ಸಿಕ್ಕಿಕೊಂಡು, ಮರುವರ್ಷ ಹೊರಗಿನ ಇಬ್ಬರು ತಜ್ಞರಿಂದ ವಿಚಾರಣೆ ಮಾಡಿಸಿದರು. ಆ ಇಬ್ಬರಲ್ಲಿ ಒಬ್ಬರು ಲಂಡನ್ನಿನ ತಂತ್ರಾಂಶ ವಿಷಯದ ಪ್ರಾಧ್ಯಾಪಕರು. 1949ರಷ್ಟು ಹಿಂದೆಯೇ ಎಡ್‌ಸ್ಯಾಕ್ ಎಂಬ ಕಂಪ್ಯೂಟರ್ ಕಟ್ಟಿ ಓಡಿಸಿದ ಊರಿಗೆ ಕಂಪ್ಯೂಟರ್ ಏಕೆ ಓಡುತ್ತಿಲ್ಲವೆಂದು ಹೇಳಲು ಹೊರಗಿನಿಂದ ಮೇಷ್ಟ್ರನ್ನು ಕರೆಸಬೇಕಾಯಿತು. ತಮ್ಮದೇ ಗಣಕ ವಿಭಾಗದ ಬಾಗಿಲು ತಟ್ಟಿದರೆ ಮರ್ಯಾದೆಗೆ ಕಡಿಮೆ ಎನ್ನುವುದು ವಿಶ್ವವಿದ್ಯಾಲಯಗಳ ಸಾರ್ವತ್ರಿಕ ನಿಯಮವಿರಬೇಕು. ಮ್ಯಾನೇಜ್‌ಮೆಂಟ್ ವಿಭಾಗದ ಬಾಗಿಲಂತೂ ಯಾರೂ ತಟ್ಟುವುದಿಲ್ಲ.

ನನಗೂ ಇಂಥದೊಂದು ಒಲೆಯ ಬಿಸಿ ತಾಗಿದ್ದುಂಟು. ನಮ್ಮ ನಾಡಿನದೇ ಒಂದು ವಿಶ್ವವಿದ್ಯಾಲಯದಿಂದ ನನಗೆ ಉತ್ತರಪತ್ರಿಕೆ ಮೌಲ್ಯಮಾಪನದ 1,840 ರೂಪಾಯಿ ಬರಬೇಕಾಗಿತ್ತು. ಲೆಕ್ಕಪತ್ರ ವಿಭಾಗದ ಅಧೀಕ್ಷಕರು ಕನ್ನಡಕವನ್ನು ಹಣೆಗೇರಿಸಿ ಪರದೆ ನೋಡಿದರು, ಪರದೆಯ ಮೇಲಿನ ಚಕ್ರ ತಿರುಗುತ್ತಲೇ ಇತ್ತು, ಆಮೇಲೆ ಅವರು ಮೇಜಿನ ಡ್ರಾಯರ್ ಎಳೆದು ಕೆಂಪು ರೆಕ್ಸಿನ್ ಹೊದಿಕೆಯ ಉದ್ದನೆಯ ನೋಟ್‌ಬುಕ್ಕೊಂದನ್ನು ತೆಗೆದರು. ಪುಟಗಳ ಅಂಚು ಬೆರಳಿನ ಎಣ್ಣೆಗೆ ಕಪ್ಪಾಗಿತ್ತು, ನಡುವೆ ಗುರುತಿಗೆ ಹಳೆಯ ಲಗ್ನಪತ್ರಿಕೆಯೊಂದನ್ನು ಇಟ್ಟಿದ್ದರು.

'ಮೇಷ್ಟ್ರೇ, ನಿಮ್ಮ ಬಿಲ್ಲು ಕಂಪ್ಯೂಟರಿನಲ್ಲಿ ಪಾಸಾಗಿದೆ,' ಎಂದರು, 'ಆದರೆ ಇಲ್ಲಿ ಇನ್ನೂ ಪಾಸಾಗಿಲ್ಲ.'

'ಎರಡರಲ್ಲಿ ಯಾವುದು ಸರಿ, ಸರ್?'

'ಎರಡೂ ಸರಿಯೇ. ಅದು ಆಡಿಟ್‌ನವರಿಗೆ, ಇದು ನಮಗೆ. ದುಡ್ಡು ಬರುವುದು ಇದರಿಂದ.'

ಆ ನೋಟ್‌ಬುಕ್ಕನ್ನು ನೋಡಿದ ಮೇಲೆ ಜಗತ್ತಿನ ದೊಡ್ಡ ದೊಡ್ಡ ತಂತ್ರಾಂಶಗಳ ಬಗ್ಗೆ ನನಗಿದ್ದ ಭಯ ಹೋಯಿತು, ಗೌರವವೂ ಸ್ವಲ್ಪ ಹೋಯಿತು. ವಿಸ್ಕಾನ್ಸಿನ್ನಿನ ವಿಶ್ವವಿದ್ಯಾಲಯಗಳು 2025ರ ಜುಲೈಯಲ್ಲಿ, ಅಲ್ಲಿನ ಹೊಸ ಆರ್ಥಿಕ ವರ್ಷದ ಮೊದಲ ದಿನಗಳಲ್ಲಿ, ಸಂಬಳ ಮತ್ತು ಹಣಕಾಸು ಎರಡನ್ನೂ ವರ್ಕ್‌ಡೇ ಎಂಬ ಮತ್ತೊಂದು ತಂತ್ರಾಂಶಕ್ಕೆ ವರ್ಗಾಯಿಸಿಕೊಂಡವು. ಈಗ ಬೋಗಿಗಳು ಹೋಗಿ ಚೀಟಿಗಳು ಬಂದಿವೆ: ಪ್ರತಿ ಖರ್ಚಿಗೂ ಬಗೆಬಗೆಯ ಗುರುತಿನ ಚೀಟಿಗಳನ್ನು ಅಂಟಿಸಬೇಕು. ಹಳೆಯ ಸಂಖ್ಯೆಗೆ ಹೊಸ ಚೀಟಿ ಯಾವುದೆಂದು ಹುಡುಕಿಕೊಡುವ ಅನುವಾದದ ಸಾಧನವೊಂದನ್ನೂ ಬೇರೆಯಾಗಿ ಒದಗಿಸಿದ್ದಾರೆ. ಎಂದರೆ, ಹೊಸ ಭಾಷೆ ಕಲಿತವರು ಇನ್ನೂ ಹಳೆಯ ಭಾಷೆಯಲ್ಲಿಯೇ ಯೋಚಿಸುತ್ತಾರೆಂದು ಮೇಲಿನವರಿಗೂ ಗೊತ್ತಿದೆ. ಆ ಪಟ್ಟಿಯನ್ನು ಮುದ್ರಿಸಿ ಡ್ರಾಯರಿನಲ್ಲಿ ಇಟ್ಟುಕೊಂಡ ಗುಮಾಸ್ತೆಯರು ಅಲ್ಲಿಯೂ ಇದ್ದೇ ಇರುತ್ತಾರೆಂದು ನಾನು ಪಣ ಕಟ್ಟಬಲ್ಲೆ.

ನಮ್ಮ ಅಧೀಕ್ಷಕರು ಮೊನ್ನೆ ನಿವೃತ್ತರಾದರು. ಪದ್ಧತಿಯಂತೆ ತಮ್ಮ ಜಾಗಕ್ಕೆ ಬಂದವರಿಗೆ ಚಾರ್ಜ್ ಪಟ್ಟಿ ಬರೆದು, ಇಬ್ಬರೂ ಸಹಿ ಮಾಡಿ ಪ್ರಭಾರ ವಹಿಸಿಕೊಟ್ಟರು. ಬೀರುವಿನ ಬೀಗದ ಕೈ 2, ಮೊಹರು 4, ಪಂಚಿಂಗ್ ಯಂತ್ರ 1, ಕೆಂಪು ರೆಕ್ಸಿನ್ ಹೊದಿಕೆಯ ನೋಟ್‌ಬುಕ್ 1 ಎಂದು ಅದರಲ್ಲಿತ್ತು. ಕೋಟಿಗಟ್ಟಲೆ ಬೆಲೆಯ ತಂತ್ರಾಂಶದ ಪಾಸ್‌ವರ್ಡನ್ನು ಪಟ್ಟಿಯಲ್ಲಿ ನಮೂದಿಸಿರಲಿಲ್ಲ. ಅದನ್ನು ಅವರು ನೋಟ್‌ಬುಕ್ಕಿನ ಹಿಂಬದಿಯ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು.